ಕೆಲಸ ಕೆಡದಂತೆ ತೂಬು ಇಳಿಸುವುದು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. ಡ್ಯಾಂ ಆಗ ಭರ್ತಿಯಾಗಿತ್ತು. 60 ಅಡಿ ಅಗಲ, 20 ಅಡಿ ಎತ್ತರದ ಕಂಡಿಯಿಂದ ನೀರು ನುಗ್ಗತೊಡಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಗಿ ಬಂದು, ಹೊಳೆಗೆ ಲಕ್ಷ ಕ್ಯುಸೆಕ್ ಆಸುಪಾಸಿನ ನೀರು ಹರಿಯಿತು. ಹಂಪಿ, ಬುಕ್ಕಸಾಗರ, ಕಂಪ್ಲಿ ಕಡೆಯ ಹೊಳೆದಂಡೆಯವರಿಗೆ ಎರಡು ಚಿಂತೆ ಒಟ್ಟೊಟ್ಟಿಗೇ ಹತ್ತಿದವು. ಹೊಳೆ ಊರೊಳಗೆ ಬಂದೀತೇ ಎಂಬುದು ಒಂದು. ನಾಟಿ ಮಾಡಿದ ಭತ್ತಕ್ಕೆ ಇನ್ನು ಮುಂದೆ ನೀರು ಎಲ್ಲಿಂದ ಎಂಬುದು ಇನ್ನೊಂದು.

ಎಂಜಿನಿಯರುಗಳ ಮುಂದಿದ್ದ ಲೆಕ್ಕ ಸಣ್ಣದು, ಆದರೆ ಕ್ರೂರವಾದದ್ದು. ಗೇಟು ಕೂರುವ ಮಟ್ಟಕ್ಕಿಂತ ಕೆಳಗೆ ನೀರು ಇಳಿದರೆ ರಿಪೇರಿ ಸಲೀಸು. ಹಾಗೆ ಇಳಿಸಬೇಕೆಂದರೆ 105 ಟಿಎಂಸಿ ಅಡಿಯ ಡ್ಯಾಂನಲ್ಲಿ ಅರ್ಧಕ್ಕಿಂತ ಹೆಚ್ಚು ನೀರನ್ನು ಹೊಳೆಪಾಲು ಮಾಡಬೇಕು. ನೀರು ಉಳಿಸಿಕೊಂಡರೆ ಬೆಳೆ ಉಳಿಯುತ್ತದೆ, ಆದರೆ ಭೋರ್ಗರೆಯುವ ಕಂಡಿಯೊಳಗೆ ಕಬ್ಬಿಣ ಇಳಿಸುವವರು ಯಾರು? ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎರಡನೆಯ ದಾರಿ ಹಿಡಿದರು. ಒಂದೇ ಗೇಟಿನ ಬದಲು ಅಡ್ಡಡ್ಡ ತುಂಡುಗಳ ಸ್ಟಾಪ್‌ಲಾಗ್ ತಯಾರಾಯಿತು. 16ರ ರಾತ್ರಿ ಮೊದಲ ತುಂಡು ಹರಿಯುವ ನೀರಿನಲ್ಲೇ ಕೂತಿತು. ಮರುದಿನದ ಹೊತ್ತಿಗೆ ಒಂದರ ಮೇಲೊಂದು ಉಳಿದವೂ ಕೂತು ಕಂಡಿ ಮುಚ್ಚಿತು. ಮೂವತ್ತಕ್ಕೂ ಹೆಚ್ಚು ಟಿಎಂಸಿ ಹೋಗಿತ್ತು ನಿಜ, ಎಪ್ಪತ್ತರಷ್ಟು ಉಳಿದಿತ್ತು. ಆ ವರ್ಷ ಮಳೆಯೂ ಕೈಬಿಡಲಿಲ್ಲ, ಡ್ಯಾಂ ಮತ್ತೆ ತುಂಬಿತು.

ಇದೇ ಪೇಚಾಟ ನಮ್ಮ ಕಣ್ಣಿಗೆ ಬೀಳದ ಇನ್ನೊಂದು ಬಗೆಯ ಜಲಾಶಯದಲ್ಲಿ ದಿನನಿತ್ಯ ನಡೆಯುತ್ತಿರುತ್ತದೆ. ಅದು ಬ್ಯಾಕಪ್ ಸರ್ವರ್. ಕೆಲಸ ನಡೆಯುತ್ತಿರುವಾಗಲೇ ಅದನ್ನು ರಿಪೇರಿಗೆ ನಿಲ್ಲಿಸುವುದು ಹೇಗೆ ಎಂಬುದು ಕಂಪ್ಯೂಟರ್ ಕೋಣೆಯ ಹಳೆಯ ತಲೆನೋವು. ಇದನ್ನು ಬಲ್ಲವರು ಕಡಿಮೆ, ಇದರಿಂದ ಏಟು ತಿನ್ನುವವರು ಬಹಳ.

ಬುಕ್ಕಸಾಗರದ ಬಾಳೆ ತೋಟದ ಪಹಣಿ ಈಗ ಯಾರ ಕಬ್ಬಿಣದ ಪೆಟ್ಟಿಗೆಯಲ್ಲೂ ಇಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಂದಿನಿಂದ ಹೊಲದ ಒಡೆತನವೆಂದರೆ ಎಲ್ಲೋ ಒಂದು ಡಿಸ್ಕಿನ ಮೇಲಿನ ಸಾಲು. ಸಂಡೂರಿನ ಅದಿರು ಲಾರಿಯ ಪರ್ಮಿಟ್, ಕಂಪ್ಲಿಯ ರೈಸ್‌ಮಿಲ್ಲಿನ ಲೆಕ್ಕ, ಹೊಸಪೇಟೆಯ ನರ್ಸಿಂಗ್ ಹೋಮಿನ ಸ್ಕ್ಯಾನ್ ಚಿತ್ರ, ಸಹಕಾರ ಸಂಘದ ಬೆಳೆಸಾಲದ ಖಾತೆ, ಎಲ್ಲವೂ ಹಾಗೆಯೇ. ಡಿಸ್ಕ್ ಕೆಡುವ ವಸ್ತು. ಆದ್ದರಿಂದ ದಿನವೂ ಅದರ ನಕಲನ್ನು ಇನ್ನೊಂದು ಯಂತ್ರದಲ್ಲಿ ತೆಗೆದಿಡುತ್ತಾರೆ. ಆ ಇನ್ನೊಂದು ಯಂತ್ರವೇ ಬ್ಯಾಕಪ್ ಸರ್ವರ್.

ಯಾರೂ ನೇರವಾಗಿ ಬಳಸದ ಯಂತ್ರವಾದ್ದರಿಂದ ಅದನ್ನು ಯಾವಾಗ ಬೇಕಾದರೂ ಆಫ್ ಮಾಡಬಹುದು ಎಂಬ ನಂಬಿಕೆ ಎಷ್ಟೋ ಆಫೀಸುಗಳಲ್ಲಿದೆ. ಹಗಲಲ್ಲಿ ನೋಡಿದರೆ ಹಾಗೆ ಅನ್ನಿಸುವುದೂ ಸಹಜ. ನಿಜವಾಗಿ ಅದರ ದುಡಿಮೆ ಶುರುವಾಗುವುದೇ ನಾವು ಕೌಂಟರ್ ಮುಚ್ಚಿ ಮನೆಗೆ ಹೋದ ಮೇಲೆ. ರಾತ್ರಿ ಹತ್ತಕ್ಕೆ ಲೆಕ್ಕದ ಸರ್ವರಿನ ನಕಲು, ಹನ್ನೊಂದಕ್ಕೆ ಫೈಲುಗಳದ್ದು, ನಡುರಾತ್ರಿ ದಾಟಿದ ಮೇಲೆ ಆ ನಕಲುಗಳ ಇನ್ನೊಂದು ಪ್ರತಿ ಬೇರೆ ಊರಿನ ಯಂತ್ರಕ್ಕೆ. ಬೆಳಗಿನ ಜಾವ ಹಳೆಯ ನಕಲುಗಳು ಸರಿಯಿವೆಯೇ ಎಂಬ ತಪಾಸಣೆ, ಆಮೇಲೆ ಬೇಡವಾದದ್ದರ ವಿಲೇವಾರಿ. ಇವುಗಳಿಗೆ ಜಾಬ್ ಎನ್ನುತ್ತಾರೆ. ಒಂದರ ಬಾಲ ಇನ್ನೊಂದರ ತಲೆಗೆ ತಾಗುವಂತೆ ಇವು ಓಡುತ್ತಿರುತ್ತವೆ. ಯಾರೋ ಒಬ್ಬರು ಕಳೆದುಹೋದ ಫೈಲನ್ನು ವಾಪಸ್ ತರಿಸಿಕೊಳ್ಳುತ್ತಿದ್ದರೆ ಹಗಲಲ್ಲೂ ಬಿಡುವಿಲ್ಲ.

ಇಂಥ ಯಂತ್ರಕ್ಕೂ ರಿಪೇರಿ ಬೇಕು. ಡಿಸ್ಕ್ ಬದಲಿಸಬೇಕು, ಭದ್ರತೆಯ ಪ್ಯಾಚ್ ಹಾಕಿ ರೀಸ್ಟಾರ್ಟ್ ಮಾಡಬೇಕು, ಜಾಗ ಹೆಚ್ಚಿಸಬೇಕು. ನಡುವೆ ಸ್ವಿಚ್ ಒತ್ತಿದರೆ ಏನಾಗುತ್ತದೆ?

ಅರ್ಧಕ್ಕೆ ನಿಂತ ನಕಲು ನಕಲಲ್ಲ. ಒಳ್ಳೆಯ ತಂತ್ರಾಂಶವಾದರೆ ಅಪೂರ್ಣವೆಂದು ಗುರುತಿಸಿ ಎಸೆಯುತ್ತದೆ. ಸಾಧಾರಣದ್ದಾದರೆ ಪೂರ್ತಿಯಾದದ್ದರ ಸಾಲಿನಲ್ಲೇ ಕೂರಿಸಿಬಿಡುತ್ತದೆ. ದಿನವೂ ಎಲ್ಲವನ್ನೂ ನಕಲು ಮಾಡದೆ ನಿನ್ನೆಯಿಂದ ಇವತ್ತಿಗೆ ಬದಲಾದದ್ದನ್ನು ಮಾತ್ರ ತೆಗೆದುಕೊಳ್ಳುವ ಪದ್ಧತಿಯಲ್ಲಿ ಒಂದು ಕೊಂಡಿ ಹಾಳಾದರೆ ಅದರ ಮೇಲೆ ನಿಂತ ಮುಂದಿನ ದಿನಗಳ ನಕಲೂ ಹಾಳು. ಇದು ಬಹಳ ಜನಕ್ಕೆ ಗೊತ್ತು.

ಗೊತ್ತಿಲ್ಲದಿರುವುದು ಇನ್ನೊಂದು. ನಕಲು ಯಂತ್ರ ನಿಂತರೆ ಅಸಲು ಯಂತ್ರವೂ ನಿಲ್ಲಬಹುದು. ಈಗಿನ ಸರ್ವರುಗಳಲ್ಲಿ ಹೆಚ್ಚಿನವು ವರ್ಚುವಲ್, ಎಂದರೆ ಒಂದೇ ದೊಡ್ಡ ಪೆಟ್ಟಿಗೆಯೊಳಗೆ ತಂತ್ರಾಂಶದಿಂದ ಕಟ್ಟಿದ ಹಲವು ಯಂತ್ರಗಳು. ಅವುಗಳ ನಕಲನ್ನು ಓಡುತ್ತಿರುವಾಗಲೇ ತೆಗೆಯುತ್ತಾರೆ. ರಾತ್ರಿ ಹತ್ತು ಗಂಟೆಯ ಸ್ಥಿತಿಯ ನಕಲು ಬೇಕು ಎನ್ನೋಣ. ನಕಲು ಮುಗಿಯಲು ಎರಡು ತಾಸು ಹಿಡಿಯುತ್ತದೆ. ಹತ್ತೂವರೆಗೆ ಯಾವುದೋ ಲೆಕ್ಕ ಬದಲಾಗಿ ಡಿಸ್ಕಿನ ಒಂದು ತುಣುಕಿನ ಮೇಲೆ ಹೊಸದನ್ನು ಬರೆಯಬೇಕಾಗಿ ಬರುತ್ತದೆ. ಆ ತುಣುಕು ಇನ್ನೂ ನಕಲಾಗಿಲ್ಲ. ಆಗ ಕೆಲವು ವ್ಯವಸ್ಥೆಗಳು ಹೊಸ ಬರಹವನ್ನು ತಡೆದು, ಹಳೆಯ ತುಣುಕನ್ನು ಮೊದಲು ಬ್ಯಾಕಪ್ ಸರ್ವರಿಗೆ ಕಳಿಸಿ, ಆಮೇಲೆ ಬರೆಯಲು ಬಿಡುತ್ತವೆ. ಆ ಬ್ಯಾಕಪ್ ಸರ್ವರ್ ಅತ್ತ ಸತ್ತೂ ಇಲ್ಲ, ಇತ್ತ ಉತ್ತರವನ್ನೂ ಕೊಡುತ್ತಿಲ್ಲ ಎಂಬ ಸ್ಥಿತಿಯಲ್ಲಿದ್ದರೆ ಆ ಬರಹ ಕಾಯುತ್ತಲೇ ಇರುತ್ತದೆ. ಹೊರಗೆ ಕೂತವರಿಗೆ ಕಾಣುವುದು ಪರದೆಯ ಮೇಲೆ ಸುತ್ತುವ ಗಾಲಿ ಮಾತ್ರ. ‘ಸರ್ವರ್ ಇಲ್ಲ, ಮಧ್ಯಾಹ್ನ ಬನ್ನಿ’ ಎಂಬ ಉತ್ತರ ಕೇಳಿ ವಾಪಸ್ ಬಸ್ಸು ಹತ್ತಿದ ರೈತರಿಗೆ, ಅದರ ಹಿಂದೆ ಇಂಥ ಕಾರಣವೂ ಇರಬಹುದೆಂದು ಯಾರು ಹೇಳಬೇಕು? ವಿಯೆನ್ನಾದ ಪ್ರಾಕ್ಸ್‌ಮಾಕ್ಸ್ ಕಂಪನಿ ತನ್ನ ತಂತ್ರಾಂಶದಲ್ಲಿ 2024ರಲ್ಲಿ ಇದಕ್ಕೊಂದು ಪರಿಹಾರ ತಂದಿತು. ಹಳೆಯ ತುಣುಕನ್ನು ಸ್ಥಳೀಯ ಡಿಸ್ಕಿನಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಂಡು ಬರಹಕ್ಕೆ ದಾರಿ ಬಿಡುವ ವ್ಯವಸ್ಥೆ ಅದು. ಇಂಥದ್ದು ಇದ್ದರೆ ಒಳ್ಳೆಯದು. ಇದ್ದರೂ ಕೂಡ, ಸ್ವಿಚ್ ಒತ್ತುವುದು ರಿಪೇರಿಯ ಕ್ರಮವಲ್ಲ.

ಕ್ರಮ ಯಾವುದು? ನಮ್ಮ ಕಾಲುವೆಯ ನೀರುಗಂಟಿಗೆ ಕೇಳಿದರೆ ಅವನೇ ಹೇಳಿಯಾನು. ಮೊದಲು ಹೊಸಬರಿಗೆ ತೂಬು ತೆಗೆಯಬೇಡ, ಹಾಯುತ್ತಿರುವ ಮಡಿ ತುಂಬಲಿ, ಆಮೇಲೆ ಕಾಲುವೆ ಕಟ್ಟು. ಬ್ಯಾಕಪ್ ತಂತ್ರಾಂಶಗಳು ಇದನ್ನೇ ಮೇಂಟೆನೆನ್ಸ್ ಮೋಡ್ ಎಂಬ ಹೆಸರಿನಲ್ಲಿ ಕೊಡುತ್ತವೆ. ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರಿನ 2.2ನೇ ಆವೃತ್ತಿಯಲ್ಲಿ, ಅಂದರೆ 2022ರ ಮೇ ತಿಂಗಳಲ್ಲಿ, ಇದು ಬಂತು. ಅದರಲ್ಲಿ ಎರಡು ಹಂತಗಳಿವೆ. ‘ರೀಡ್ ಓನ್ಲಿ’ ಮಾಡಿದರೆ ಇರುವ ನಕಲನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಹೊಸದನ್ನು ಇಡುವಂತಿಲ್ಲ. ‘ಆಫ್‌ಲೈನ್’ ಮಾಡಿದರೆ ಎರಡೂ ಬಂದ್.

ಸ್ವಾರಸ್ಯ ಇರುವುದು ಒಳಗಿನ ಲೆಕ್ಕದಲ್ಲಿ. ಸರ್ವರಿನೊಳಗೆ ಕೆಲಸಕ್ಕೆ ಬಂದ ಪ್ರತಿಯೊಂದು ಜಾಬ್ ‘ನಾನು ಓದಲು ಬಂದೆ’ ಇಲ್ಲವೇ ‘ಬರೆಯಲು ಬಂದೆ’ ಎಂದು ಹೆಸರು ನೋಂದಾಯಿಸುತ್ತದೆ, ಮುಗಿಸಿ ಹೋಗುವಾಗ ಹೆಸರು ತೆಗೆಸುತ್ತದೆ. ನಿರ್ವಾಹಕರು ರಾತ್ರಿ ಹನ್ನೊಂದಕ್ಕೆ ಆಫ್‌ಲೈನ್ ಗುಂಡಿ ಒತ್ತಿದರೆನ್ನಿ. ಆ ಕ್ಷಣಕ್ಕೆ ಏನೂ ನಿಲ್ಲುವುದಿಲ್ಲ. ಹನ್ನೊಂದು ದಾಟಿ ಬಂದ ಜಾಬ್‌ಗಳಿಗೆ ಬಾಗಿಲಲ್ಲೇ ‘ಈಗಿಲ್ಲ’ ಎಂಬ ಉತ್ತರ. ಒಳಗಿರುವ ಮೂರು ಜಾಬ್‌ಗಳು ತಮ್ಮ ಪಾಡಿಗೆ ಓಡುತ್ತವೆ. ಪರದೆಯ ಮೇಲೆ ಬರೆಯುವವರು ಇಷ್ಟು, ಓದುವವರು ಇಷ್ಟು ಎಂಬ ಎಣಿಕೆ ಕಾಣುತ್ತಿರುತ್ತದೆ. ಮೂರು ಎರಡಾಗುತ್ತದೆ, ಎರಡು ಒಂದಾಗುತ್ತದೆ, ಆ ಒಂದು ಬಹಳ ಹೊತ್ತು ಕಾಡಿಸುತ್ತದೆ. ಸೊನ್ನೆಗೆ ಬಂದ ಮೇಲೆ ಡಿಸ್ಕಿಗೆ ಕೈ ಹಾಕಬಹುದು. ದೊಡ್ಡ ಕಂಪನಿಗಳಲ್ಲಿ ಬಳಕೆಯಲ್ಲಿರುವ ವೀಮ್ ತಂತ್ರಾಂಶದಲ್ಲೂ ಇದೇ ಬಗೆಯ ಮೋಡ್ ಇದೆ. ಒಂದು ಯಂತ್ರವನ್ನು ಹೊಸ ಬ್ಯಾಕಪ್ಪಿಗೆ ಮುಚ್ಚಿ, ಹಳೆಯದನ್ನು ತೆಗೆಯಲು ಮಾತ್ರ ತೆರೆದಿಡುವ ಏರ್ಪಾಡು ಅದರಲ್ಲಿ ಬೇರೆಯೇ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರುಗಳಲ್ಲಿ ಈ ವಿದ್ಯೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಒಬ್ಬ ಸಂಶೋಧಕರ ಲೆಕ್ಕ ದಿನಗಟ್ಟಲೆ ಓಡಬಹುದು. ಆದ್ದರಿಂದ ಜಾಬ್ ಕೊಡುವಾಗಲೇ ‘ಇದಕ್ಕೆ ಹೆಚ್ಚೆಂದರೆ ಇಷ್ಟು ಗಂಟೆ’ ಎಂದು ಬರೆದುಕೊಡಬೇಕು. ಬುಧವಾರ ಬೆಳಿಗ್ಗೆ ರಿಪೇರಿ ಎಂದು ಮೊದಲೇ ಗೊತ್ತುಮಾಡಿದ್ದರೆ, ಅಷ್ಟರೊಳಗೆ ಮುಗಿಯದ ಜಾಬನ್ನು ವ್ಯವಸ್ಥೆಯೇ ಹಿಡಿದಿಡುತ್ತದೆ, ಮುಗಿಯಬಲ್ಲ ಚಿಕ್ಕದನ್ನು ಬಿಡುತ್ತದೆ. ಯಾರನ್ನೂ ಅರ್ಧದಾರಿಯಲ್ಲಿ ಇಳಿಸುವ ಪ್ರಸಂಗವೇ ಬರುವುದಿಲ್ಲ. ಬ್ಯಾಕಪ್ ತಂತ್ರಾಂಶಗಳಲ್ಲಿ ಇಷ್ಟು ಮುಂದಾಲೋಚನೆ ಇನ್ನೂ ಅಪರೂಪ. ಬರಬೇಕು.

ಹೂಳಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿಯಷ್ಟು ಹಿಡಿಯುತ್ತಿದ್ದ ತುಂಗಭದ್ರೆ ಈಗ 105.788 ಟಿಎಂಸಿಗೆ ಬಂದಿದೆ, ಉಳಿದದ್ದು ಹೂಳಿನ ಪಾಲು. ಬ್ಯಾಕಪ್ ಸರ್ವರಿನಲ್ಲೂ ಹೂಳು ತುಂಬುತ್ತದೆ. ಜಾಗ ಉಳಿಸಲು ಈ ಸರ್ವರುಗಳು ದತ್ತಾಂಶವನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಒಂದೇ ತೆರನಾದ ತುಣುಕನ್ನು ಒಂದೇ ಸಲ ಇಡುತ್ತವೆ. ಮೂವತ್ತು ದಿನದ ನಕಲುಗಳು ಅದೇ ತುಣುಕನ್ನು ಹಂಚಿಕೊಂಡಿರುತ್ತವೆ. ಹಳೆಯ ನಕಲನ್ನು ಅಳಿಸಿದರೆ ಅಳಿಯುವುದು ಅದರ ಪಟ್ಟಿ ಮಾತ್ರ, ತುಣುಕುಗಳು ಹಾಗೇ ಬಿದ್ದಿರುತ್ತವೆ. ಇವನ್ನು ಎತ್ತಿಹಾಕುವ ಕೆಲಸಕ್ಕೆ ಗಾರ್ಬೇಜ್ ಕಲೆಕ್ಷನ್ ಎನ್ನುತ್ತಾರೆ. ಮೊದಲ ಸುತ್ತಿನಲ್ಲಿ ಬಳಕೆಯಲ್ಲಿರುವ ತುಣುಕುಗಳಿಗೆಲ್ಲ ಇವತ್ತಿನ ಗುರುತು ಬೀಳುತ್ತದೆ, ಎರಡನೆಯ ಸುತ್ತಿನಲ್ಲಿ ಗುರುತಿಲ್ಲದ್ದು ಹೊರಗೆ. ಅಪಾಯ ಇರುವುದು ಎರಡು ಸುತ್ತಿನ ನಡುವೆ. ಅದೇ ಹೊತ್ತಿಗೆ ಓಡುತ್ತಿರುವ ಜಾಬ್ ಒಂದು ‘ಈ ತುಣುಕು ಆಗಲೇ ಇದೆ, ಮತ್ತೆ ಕಳಿಸುವುದು ಬೇಡ’ ಎಂದು ನಂಬಿ ಮುಂದೆ ಹೋಗಿರುತ್ತದೆ. ಆ ತುಣುಕನ್ನೇ ಎತ್ತಿ ಎಸೆದರೆ ನಕಲಿನಲ್ಲಿ ತೂತು ಬೀಳುತ್ತದೆ. ಆದ್ದರಿಂದ ಪ್ರಾಕ್ಸ್‌ಮಾಕ್ಸಿನವರು 24 ಗಂಟೆ 5 ನಿಮಿಷದೊಳಗೆ ಮುಟ್ಟಿದ ಯಾವ ತುಣುಕನ್ನೂ ಎಸೆಯಬಾರದೆಂದು ನಿಯಮ ಇಟ್ಟಿದ್ದಾರೆ. ಅದಕ್ಕಿಂತ ಹಿಂದೆ ಶುರುವಾದ ಜಾಬ್ ಇನ್ನೂ ಓಡುತ್ತಿದ್ದರೆ ಗಡುವು ಅಲ್ಲಿಯವರೆಗೂ ಹಿಂದಕ್ಕೆ ಸರಿಯುತ್ತದೆ. ಆ ಐದು ನಿಮಿಷದ ಎಚ್ಚರ ನನಗೆ ತುಂಬ ಹಿಡಿಸಿತು.

ಎಚ್ಚರ ತಪ್ಪಿದರೆ ಏನಾದೀತು ಎಂಬುದಕ್ಕೆ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಉದಾಹರಣೆ ಸಾಕು. 2021ರ ಡಿಸೆಂಬರ್ 14ರಿಂದ 16ರ ನಡುವೆ ಅಲ್ಲಿನ ಸೂಪರ್ ಕಂಪ್ಯೂಟರಿನ ಸ್ಟೋರೇಜಿನಿಂದ ಸುಮಾರು 77 ಟೆರಾಬೈಟ್, ಅಂದರೆ 3 ಕೋಟಿ 40 ಲಕ್ಷದಷ್ಟು ಫೈಲುಗಳು ಅಳಿಸಿಹೋದವು. ವೈರಸ್ ಬಂದಿರಲಿಲ್ಲ, ಡಿಸ್ಕ್ ಸುಟ್ಟಿರಲಿಲ್ಲ. ಬ್ಯಾಕಪ್ ನಡೆಸುವ ಒಂದು ಪುಟ್ಟ ಸ್ಕ್ರಿಪ್ಟ್ ಇತ್ತು. ಹತ್ತು ದಿನಕ್ಕಿಂತ ಹಳೆಯ ಲಾಗ್ ಫೈಲುಗಳನ್ನು ಅಳಿಸುವುದು ಅದರ ಕೆಲಸಗಳಲ್ಲೊಂದು. ಯಂತ್ರ ಪೂರೈಸಿದ್ದ ಎಚ್‌ಪಿಇ ಕಂಪನಿಯವರು ಓದಲು ಸುಲಭವಾಗಲೆಂದು ಅದರೊಳಗಿನ ಹೆಸರುಗಳನ್ನು ತಿದ್ದಿ ಸುಧಾರಿಸಿದರು. ತಿದ್ದಿದ್ದು ಸರಿಯಾಗಿಯೇ ಇತ್ತು. ಆದರೆ ಹಳೆಯ ಸ್ಕ್ರಿಪ್ಟ್ ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಹಾಕಿಬಿಟ್ಟರು.

ಬ್ಯಾಷ್ ಎಂಬ ಆ ಸ್ಕ್ರಿಪ್ಟ್ ಭಾಷೆ ಇಡೀ ಫೈಲನ್ನು ಮೊದಲೇ ಓದಿಟ್ಟುಕೊಳ್ಳುವುದಿಲ್ಲ, ಸ್ವಲ್ಪ ಸ್ವಲ್ಪವೇ ಓದುತ್ತಾ ನಡೆಸುತ್ತದೆ. ಮೊದಲರ್ಧ ಹಳೆಯದು ಓಡಿತ್ತು, ಮುಂದಿನ ಸಾಲುಗಳು ಹೊಸದರಿಂದ ಬಂದವು. ಹೊಸ ಸಾಲು ಕೇಳಿದ ಹೆಸರಿಗೆ ಹಳೆಯ ಅರ್ಧದಲ್ಲಿ ಬೆಲೆಯೇ ಇಟ್ಟಿರಲಿಲ್ಲ. ಲಾಗ್ ಇರುವ ಜಾಗದ ವಿಳಾಸ ಖಾಲಿಯಾಯಿತು. ಅಳಿಸುವ ಆಜ್ಞೆ ಸಂಶೋಧಕರ ಫೈಲುಗಳ ಮೇಲೆಯೇ ಹರಿಯಿತು. 14 ಸಂಶೋಧನಾ ಗುಂಪುಗಳಿಗೆ ಪೆಟ್ಟು ಬಿತ್ತು. ಅವುಗಳಲ್ಲಿ ನಾಲ್ಕು ಗುಂಪುಗಳ ದತ್ತಾಂಶ ಮರಳಿ ಸಿಗಲೇ ಇಲ್ಲ. ಕಂಪನಿ ಪೂರ್ತಿ ಹೊಣೆ ಹೊತ್ತುಕೊಂಡಿತು. ಜಾಬ್ ಮುಗಿಯುವವರೆಗೆ ಕಾದು, ಶೆಡ್ಯೂಲ್ ನಿಲ್ಲಿಸಿ, ಆಮೇಲೆ ಫೈಲು ಬದಲಿಸಿದ್ದರೆ ಹೊಣೆ ಹೊರುವ ಮಾತೇ ಇರುತ್ತಿರಲಿಲ್ಲ.

ದಕ್ಷಿಣ ಕೊರಿಯಾದ ದೇಜಾನ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ನಡೆದದ್ದು ಇನ್ನೂ ದೊಡ್ಡದು. ಸರ್ಕಾರಿ ಡೇಟಾ ಸೆಂಟರಿನಲ್ಲಿ ಲಿಥಿಯಂ ಬ್ಯಾಟರಿಗಳನ್ನು ಬೇರೆ ಕಡೆ ಸಾಗಿಸುವ ಕೆಲಸ ನಡೆದಾಗ ಬೆಂಕಿ ಹತ್ತಿ 709 ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರ ಕಡತಗಳಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಸುಟ್ಟು ಹೋಯಿತು. ಗಾತ್ರ ಬಹಳ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ ಹೊರಗೊಂದು ನಕಲು ಇಟ್ಟಿರಲಿಲ್ಲವಂತೆ. ಎರಡನೆಯ ಜಲಾಶಯವೇ ಇಲ್ಲದಿದ್ದಾಗ ಯಾವ ಮೋಡ್ ಇದ್ದೂ ಪ್ರಯೋಜನವಿಲ್ಲ.

ಕೊರಿಯಾದವರನ್ನು ಆಡಿಕೊಳ್ಳುವ ಮೊದಲು ನಮ್ಮ ಡ್ಯಾಂ ಕಡೆ ಇನ್ನೊಮ್ಮೆ ನೋಡೋಣ. 19ನೇ ಗೇಟು ಹೋದ ಮೇಲೆ ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ಬಂತು, 33 ಗೇಟುಗಳನ್ನೂ ಬದಲಿಸಬೇಕೆಂದಿತು. ಎಪ್ಪತ್ತು ವರ್ಷ ದಾಟಿದ ಗೇಟುಗಳಿಗೆ ಈ ಮಾತು ಮೊದಲೇ ಬರಬೇಕಿತ್ತು. 2025ರ ಮಳೆಗಾಲದಲ್ಲಿ ಡ್ಯಾಂ ಪೂರ್ತಿ ತುಂಬಿಸದೆ 80 ಟಿಎಂಸಿ ಆಸುಪಾಸಿಗೆ ಹಿಡಿದಿಟ್ಟರು. ವರ್ಷದ ಕೊನೆಗೆ ಗೇಟು ಅಳವಡಿಕೆಗಾಗಿ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ರೈತರು ಬೀದಿಗಿಳಿದರು. ಇಳಿಯದೆ ಏನು ಮಾಡಿಯಾರು? ನಿಂತ ಜಾಬ್ ನಾಳೆ ಮತ್ತೆ ಓಡೀತು, ತಪ್ಪಿದ ಬೆಳೆ ಮುಂದಿನ ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ.

ಆದರೂ ನನ್ನ ಮತ ನೀರು ನಿಲ್ಲಿಸುವ ಈ ಬಂದ್ ಕಡೆಗೇ. ನಡುರಾತ್ರಿ ಚೈನ್ ಕಡಿದು ಆಗುವ ನಿಲುಗಡೆಗಿಂತ ದಿನ ಗೊತ್ತುಮಾಡಿ, ಇರುವ ಬೆಳೆ ಕೊಯ್ಲಿಗೆ ಬರುವವರೆಗೆ ಕಾದು, ಹೊಸ ನಾಟಿಗೆ ಮಾತ್ರ ಇಲ್ಲವೆನ್ನುವ ನಿಲುಗಡೆ ನ್ಯಾಯವಾದದ್ದು. ಇದರಲ್ಲಿ ಒಂದು ಷರತ್ತು ಮಾತ್ರ ಅಡಗಿದೆ. ಇಲ್ಲವೆಂಬ ಮಾತು ಬೀಜ, ಗೊಬ್ಬರ ಕೊಳ್ಳುವ ಮೊದಲೇ, ಗುತ್ತಿಗೆಗೆ ಗದ್ದೆ ಹಿಡಿಯುವ ಮೊದಲೇ ಕಿವಿಗೆ ಬೀಳಬೇಕು. ತುರ್ತ, ರಾಮಸಾಗರ, ಕಂಪ್ಲಿ ಕಾಲುವೆಗಳಂಥ ವಿಜಯನಗರ ಕಾಲದ ಕಾಲುವೆಗಳು ಇಷ್ಟು ಶತಮಾನ ಹರಿದಿರುವುದು ವರ್ಷಕ್ಕೊಮ್ಮೆ ನೀರು ನಿಲ್ಲಿಸಿ ದುರಸ್ತಿ ಮಾಡುವ ಪದ್ಧತಿಯಿಂದ. ಆ ಬಂದ್ ಯಾವಾಗ ಬರುತ್ತದೆಂದು ಬಾಳೆ, ಕಬ್ಬು ಬೆಳೆಯುವವರಿಗೆ ಅಂದಾಜಿರುತ್ತದೆ. ಅವರು ಅದಕ್ಕೆ ಹೊಂದಿಕೊಂಡೇ ಬೆಳೆಯುತ್ತಾರೆ.

ಸರ್ವರಿನವರಿಗೂ ಇದೇ ಅನ್ವಯ. ಬಾಗಿಲಲ್ಲಿ ‘ಈಗಿಲ್ಲ’ ಎಂದು ವಾಪಸ್ ಕಳಿಸಿದ ಜಾಬ್ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ಎರಡನೆಯ ಬ್ಯಾಕಪ್ ಸರ್ವರ್ ಇದ್ದರೆ ಆ ರಾತ್ರಿ ಅಲ್ಲಿಗೆ, ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಮತ್ತೆ ಪ್ರಯತ್ನ. ಗೊತ್ತುಮಾಡದಿದ್ದರೆ ‘ವಿಫಲ’ ಎಂಬ ಒಂದು ಮೇಲ್ ಯಾರೂ ತೆರೆಯದ ವಿಳಾಸಕ್ಕೆ ಹೋಗಿ ಬೀಳುತ್ತದೆ, ಅಷ್ಟೆ. ಎರಡೂ ಸರ್ವರನ್ನು ಒಂದೇ ದಿನ ನಿಲ್ಲಿಸಕೂಡದು. ಮುಗಿಯದೆ ಕೂತ ಆ ಕೊನೆಯ ಜಾಬಿಗೆ ಎಷ್ಟು ಹೊತ್ತು ಕಾಯುವುದು ಎಂಬ ಗಡುವೂ ಬೇಕು, ಗಡುವು ದಾಟಿದರೆ ಅದನ್ನು ಕಡಿಯುವ ಅಧಿಕಾರ ಯಾರದ್ದೆಂಬುದೂ ಬರಹದಲ್ಲಿರಬೇಕು. ನಾನು ಕಂಡ ಒಂದು ಕಚೇರಿಯಲ್ಲಿ ‘ನಿರ್ವಹಣೆಗಾಗಿ ಸೇವೆ ಸ್ಥಗಿತ’ ಎಂಬ ಚೀಟಿ ಅಂಟಿದ್ದು ಸೇವೆ ನಿಂತು ಅರ್ಧ ದಿನವಾದ ಮೇಲೆ. ಅದನ್ನು ಮುನ್ಸೂಚನೆ ಎನ್ನಲು ನಾಲಿಗೆ ಹೊರಳುವುದಿಲ್ಲ.

ದೊಡ್ಡ ತಂತ್ರಾಂಶವೆಲ್ಲ ಇಲ್ಲದ, ಮೂಲೆಯಲ್ಲೊಂದು ಸ್ಟೋರೇಜ್ ಪೆಟ್ಟಿಗೆ ಇಟ್ಟುಕೊಂಡ ಮಿಲ್ಲು, ಆಸ್ಪತ್ರೆ, ಸೊಸೈಟಿಗಳು ಇದನ್ನೇ ಕೈಯಿಂದ ಮಾಡಬಹುದು. ಮೊದಲು ಆ ರಾತ್ರಿಯ ಶೆಡ್ಯೂಲ್ ಆಫ್ ಮಾಡಿ. ಓಡುತ್ತಿರುವುದು ಏನಾದರೂ ಇದೆಯೇ ನೋಡಿ, ಇದ್ದರೆ ಮುಗಿಯುವವರೆಗೆ ಬಿಡಿ. ಆಮೇಲೆ ಮೆನುವಿನಿಂದ ಶಟ್‌ಡೌನ್ ಕೊಡಿ, ಪ್ಲಗ್ ಎಳೆಯಬೇಡಿ. ನಮ್ಮ ಕಡೆಯ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲವಾದ್ದರಿಂದ ಯುಪಿಎಸ್ ಬೇಕೇ ಬೇಕು, ಬ್ಯಾಟರಿ ಮುಗಿಯುತ್ತಾ ಬಂದಾಗ ಪೆಟ್ಟಿಗೆಗೆ ತಾನೇ ತಿಳಿಸುವ ತಂತಿಯಿರುವಂಥದ್ದು. ಕೆಲಸ ಮುಗಿದ ಮೇಲೆ ಶೆಡ್ಯೂಲನ್ನು ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ. ಎಷ್ಟೋ ಕಡೆ ಬ್ಯಾಕಪ್ ತಿಂಗಳುಗಟ್ಟಲೆ ನಿಂತಿರುವುದು ಯಾವುದೋ ರಿಪೇರಿಯ ದಿನ ತಾತ್ಕಾಲಿಕವಾಗಿ ಆಫ್ ಮಾಡಿದ ಒಂದು ಗುಂಡಿಯಿಂದ.

ನಿಮ್ಮ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಕಂಪ್ಯೂಟರ್ ನೋಡಿಕೊಳ್ಳುವವರು ಇದ್ದಾರಲ್ಲ, ಅವರನ್ನು ಈ ವಾರ ಕೇಳಿ: ಬ್ಯಾಕಪ್ ಯಂತ್ರವನ್ನು ಕಳೆದ ಸಲ ಯಾವಾಗ ನಿಲ್ಲಿಸಿದ್ದಿರಿ, ಆಗ ಏನು ಓಡುತ್ತಿತ್ತು, ಅದಾದ ಮೇಲೆ ಒಂದು ಫೈಲನ್ನಾದರೂ ಅದರಿಂದ ವಾಪಸ್ ತೆಗೆದು ನೋಡಿದ್ದೀರಾ? ಮೂರನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ, ಅಲ್ಲೇ ಕುರ್ಚಿ ಎಳೆದುಕೊಂಡು ಕೂತು ಒಂದು ಫೈಲು ತೆಗೆಸಿ ನೋಡಿ.